ಉತ್ತರಕ್ಕೆ ಕಾಯದ ಮೇಷ್ಟ್ರು
ನಮ್ಮ ಕಂಪ್ಯೂಟರ್ ಲ್ಯಾಬಿನ ಮೇಷ್ಟ್ರಿಗೆ ನಾವಿಟ್ಟ ಅಡ್ಡಹೆಸರು ಎಡಿಟರ್. ಯಾಕೆಂದರೆ ನಾವು ಬರೆದ ಪ್ರೋಗ್ರಾಮನ್ನು, ಅದನ್ನು ಬರೆಯಲು ಬಳಸುವ ಎಡಿಟರ್ ಎಂಬ ತಂತ್ರಾಂಶದೊಳಗೇ ಓಡಿಸಿದರೆ ಅದು ‘ನಿಮ್ಮ ಹೆಸರೇನು?’ ಎಂದು ಕೇಳಿ, ಟೈಪ್ ಮಾಡಲೂ ಬಿಡದೆ ಮುಗಿದುಹೋಗುತ್ತದೆ; ಅದೇ ಪ್ರೋಗ್ರಾಮು ಕಮಾಂಡ್ ಲೈನಿನ ಕಪ್ಪು ಪರದೆಯಲ್ಲಿ ನಾವು ಉತ್ತರ ಕೊಡುವ ತನಕ ಸುಮ್ಮನೆ ಕಾಯುತ್ತದೆ. ಮೇಷ್ಟ್ರೂ ಆ ಎಡಿಟರಿನ ಹಾಗೆಯೇ: “ಏನಮ್ಮಾ ತೊಂದರೆ?” ಎನ್ನುತ್ತಾರೆ, ನಾವು ಬಾಯಿ ತೆರೆಯುವಷ್ಟರಲ್ಲಿ “ಗೊತ್ತಾಯ್ತು ಬಿಡು, ಕಪ್ಪು ಪರದೇಲಿ ಓಡಿಸು” ಎಂದು ಮುಂದಿನ ಮೇಜಿಗೆ ಹಾರಿರುತ್ತಾರೆ. ಹಾಜರಿ ಕೂಗುವಾಗ ‘ಎಸ್ ಸಾರ್’ ಕೂಡ ಅವರೇ ಹೇಳಿಕೊಳ್ಳುತ್ತಾರೆ. ಪ್ರಿನ್ಸಿಪಾಲರು ಇವರ ರಜೆ ಅರ್ಜಿ ನೋಡಿ ಕೆಮ್ಮಿದರೆ ಸಾಕು, ‘ಥ್ಯಾಂಕ್ಸ್ ಸಾರ್’ ಎಂದು ಹೊರಗೆ ಬಂದುಬಿಟ್ಟಿರುತ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ಮಾತ್ರ ಕಿಟಕಿ ಪಕ್ಕ ನಿಂತು ಮನೆಗೆ ಫೋನ್ ಮಾಡುತ್ತಾರೆ. ಪಾರ್ಶ್ವವಾಯು ಬಡಿದ ಮೇಲೆ ಅವರ ಹೆಂಡತಿಗೆ ಒಂದೊಂದು ಮಾತು ಹೊರಡಲೂ ನಿಮಿಷಗಟ್ಟಲೆ ಹಿಡಿಯುತ್ತದೆ. “ಊಟಕ್ಕೆ ಏನು ತಿಂದೆ?” ಎಂದು ಕೇಳಿ ಮೇಷ್ಟ್ರು ಸುಮ್ಮನಾಗುತ್ತಾರೆ. ಅವರ ಡಬ್ಬಿಯ ಊಟ ಆರುತ್ತದೆ, ಬೆಲ್ ಹೊಡೆಯುತ್ತದೆ, ನಾವೆಲ್ಲ ಒಳಗೆ ಬಂದು ಕೂರುತ್ತೇವೆ. ಅವರು ಇನ್ನೂ ಫೋನನ್ನು ಕಿವಿಗೊತ್ತಿಕೊಂಡು ನಿಂತೇ ಇರುತ್ತಾರೆ. ಮನೆಯಲ್ಲಿ ಏನು ಅಡುಗೆಯೆಂದು ಅವರಿಗೆ ಗೊತ್ತಿಲ್ಲದೇನಿಲ್ಲ; ಬೆಳಿಗ್ಗೆ ಮಾಡಿಟ್ಟು ಬಂದವರು ಅವರೇ.