ಬಂಡಿಯಿಲ್ಲದ ಕುರುಗೋಡು

ಧಾತು ಸಂವತ್ಸರದ ಬರ ಕಳೆದು ಕೆಲವು ವರ್ಷಗಳಾಗಿದ್ದವು. ಮದ್ರಾಸ್ ಸರ್ಕಾರದ ರಸ್ತೆ ಕೆಲಸದ ಓವರ್‌ಸಿಯರ್ ಆಗಿ ನಾನು ಬಳ್ಳಾರಿಗೆ ಬಂದೆ. ಆ ವರ್ಷದ ಹಣ ಒಂದೇ ಜಲ್ಲಿ ರಸ್ತೆಗೆ ಸಾಲುತ್ತಿತ್ತು: ಸಿರುಗುಪ್ಪದ ದಾರಿಯಿಂದ ಕುರುಗೋಡಿಗೆ, ಇಲ್ಲವೇ ಬಳ್ಳಾರಿಯ ಹೊರಗಿನ ಹತ್ತಿ ಒತ್ತಿ ಬೇಲು ಕಟ್ಟುವ ಹೊಸ ಪ್ರೆಸ್ಸಿಗೆ. ಹೆಚ್ಚು ಬಂಡಿ ಓಡಾಡುವ ಕಡೆಗೆ ರಸ್ತೆ ಎಂದ ಎಂಜಿನಿಯರ್ ದೊರೆ. ಟ್ರಾಫಿಕ್ ಸೆನ್ಸಸ್ ಎಂಬುದು ಅದರ ಭಾರೀ ಹೆಸರು. ಕೆಲಸ ಮಾತ್ರ ದಾರಿಬದಿ ಕೂತು ಬಂಡಿ ಎಣಿಸುವುದು.

ಕುರುಗೋಡಿನ ಅಗಸೆ ಬಾಗಿಲಲ್ಲಿ ವಾರಗಟ್ಟಲೆ ಕೂತೆ. ಒಂದು ಬಂಡಿಯೂ ಬರಲಿಲ್ಲ. ಆದರೆ ಎರೆಮಣ್ಣಿನಲ್ಲಿ ಗಾಲಿಯ ಗುರುತು ಹಸಿಯಾಗಿತ್ತು. ಬಾಡಿಗೆ ಬಂಡಿ ಹೊಡೆಯುವ ಬಸಪ್ಪನ ಹಿತ್ತಲಿಗೆ ಹೋದರೆ, ಮೇವಿನ ಬಣವೆಯೊಳಗಿಂದ ಗಾಲಿ ಇಣುಕುತ್ತಿತ್ತು.

“ರಸ್ತೆ ಮಾಡಾಕ ಎಣಿಸ್ತೀವಪ್ಪ, ಹೊರಗ ತಗಿ,” ಎಂದೆ.

“ಹಿಂದಕ ಬಂದೋರೂ ಹಿಂಗ ಎಣಿಸಿಕೊಂಡು ಹೋದ್ರು ಸ್ವಾಮಿ. ಆಮ್ಯಾಲ ಪಲ್ಟನ್ ಸಾಮಾನು ಹೊರಾಕ ಬಂಡಿ ಹಿಡಕೊಂಡು ಹೋದ್ರು. ನನ್ನ ಒಂದು ಎತ್ತು ದಾರ್ಯಾಗ ಸತ್ತಿತು. ಈ ಜೋಡಿನೂ ಹೋದ್ರ ಮಕ್ಕಳಿಗೆ ಏನು ಹಾಕ್ಲಿರಿ?”

ಮಳೆ ಬಿದ್ದರೆ ಆ ದಾರಿಯಲ್ಲಿ ಬಂಡಿ ಅಚ್ಚಿನವರೆಗೆ ಹೂತುಹೋಗುತ್ತಿತ್ತು. ಮಳೆಗಾಲವಿಡೀ ಬಸಪ್ಪನಿಗೆ ಬಾಡಿಗೆಯಿಲ್ಲ. ಅವನಿಗೆ ರಸ್ತೆ ಬೇಕಿತ್ತು. ಸರ್ಕಾರ ಬೇಕಿರಲಿಲ್ಲ.

ಇತ್ತ ಪ್ರೆಸ್ಸಿನ ಮ್ಯಾನೇಜರ್ ಬ್ರೂಸ್‌ಪೇಟೆಯ ಬಂಡಿಗಳನ್ನು ಬಾಡಿಗೆಗೆ ತಂದು, ಮುಂದಿನ ಗೇಟಿನಿಂದ ಒಳಗೆ, ಹಿಂದಿನ ಗೇಟಿನಿಂದ ಹೊರಗೆ, ದಿನವಿಡೀ ಅವನ್ನೇ ಸುತ್ತಿಸುತ್ತಿದ್ದ. ಒಂಟಿ ಕೊಂಬಿನ ಎತ್ತೊಂದು ಅಲ್ಲಿ ಎಣಿಸಲು ಕೂತ ನನಗೆ ಪರಿಚಯದ್ದೇ ಆಗಿಬಿಟ್ಟಿತು.

ಎರಡನ್ನೂ ದೊರೆಗೆ ಹೇಳಿದೆ. ಪ್ರೆಸ್ಸಿನ ಬಂಗಲೆಯಲ್ಲಿ ಉಂಡು ಬಂದಿದ್ದ ಅವನು ನಕ್ಕ. “ಪ್ರೆಸ್ಸಿನ ಬಂಡಿ ಕಂಡಿತು, ಕುರುಗೋಡಿನದು ಕಾಣಲಿಲ್ಲ. ಅಷ್ಟೇ ಬರಿ.” ಉಳ್ಳವನಿಗೆ ಊರೆಲ್ಲ ನೆಂಟರು, ಸರ್ಕಾರವಂತೂ ಬೀಗ. ನನಗೆ ಅಸಹ್ಯವಾಯಿತು.

ರಸ್ತೆ ಪ್ರೆಸ್ಸಿಗೇ ಮಂಜೂರಾಯಿತು. ಅದಕ್ಕೆ ಕಲ್ಲು ಬೇಕಾಯಿತು. ಕುರುಗೋಡು ಗುಡ್ಡದ ಕಲ್ಲೇ ಗಟ್ಟಿ. ಅದನ್ನು ಸಾಗಿಸಲು ಊರವರೇ ಬಂಡಿ ಒದಗಿಸಬೇಕೆಂದು ಹುಕುಂ ಬಂತು! ಬಂಡಿಯೇ ಇಲ್ಲವೆಂದು ಅದೇ ಕಚೇರಿ ಷರಾ ಬರೆದಿದ್ದ ಊರು ಅದು. ನಾನು ದೊರೆಗೆ ಹೇಳಿದ್ದ ಗುರುತಿನಂತೆ ಜವಾನರು ನೆಟ್ಟಗೆ ಬಸಪ್ಪನ ಹಿತ್ತಲಿಗೆ ಹೋಗಿ ಬಣವೆ ಕಿತ್ತರು.

ಬಸಪ್ಪ ಎತ್ತಿನ ಕೊರಳು ಸವರುತ್ತ ನನ್ನತ್ತ ತಿರುಗಿದ. “ಈಗ ಕಂಡವೇನ್ರಿ?”

ಕುರುಗೋಡಿನವರು ಬಂಡಿ ಬಚ್ಚಿಟ್ಟದ್ದನ್ನು ದೊರೆ ವರದಿಯಲ್ಲಿ ‘ಹಳ್ಳಿಗರ ಅಜ್ಞಾನ’ ಎಂದು ಬರೆದ. ಆ ನೌಕರಿ ನನಗೆ ಕಲಿಸಿದ್ದು ಬೇರೆ: ನಮ್ಮ ಸರ್ಕಾರವನ್ನು ಜಿಲ್ಲೆಯಲ್ಲಿ ಸರಿಯಾಗಿ ಅರಿತಿದ್ದವರು ಆ ಬಂಡಿಯವರು ಮಾತ್ರ.