ಚೈತ್ರಾಳಿಗೆ ಬಂದ ಫ್ಯಾಕ್ಸ್

ಎರಡು ತಿಂಗಳ ಹಿಂದೆ, ಒಂದು ಶುಕ್ರವಾರ ಬೆಳಿಗ್ಗೆ ನಾನೊಂದು ಸುಳ್ಳು ಹೇಳಿದೆ. ಮೂರೇ ಪದ. "ಏನೂ ಬಂದಿಲ್ಲ, ಪುಟ್ಟಿ."

ಫೋನಿನ ಆ ಕಡೆ ಇದ್ದವಳು ಚೈತ್ರಾ, ನನ್ನ ಗೆಳತಿ ವಿಮಲಾಳ ಮಗಳು. "ಆಂಟಿ, ಲಂಡನ್‌ನಿಂದ ನಂಗೆ ಫ್ಯಾಕ್ಸ್ ಏನಾದ್ರೂ ಬಂತಾ?" ಎಂದು ಕೇಳಿದ್ದಳು.

ಬಂದಿತ್ತು. ಹಿಂದಿನ ದಿನವೇ ಬಂದಿತ್ತು. ನಾಲ್ಕು ಮಡಿಕೆಯಾಗಿ ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು.

ಮೊದಲಿನಿಂದ ಹೇಳುತ್ತೇನೆ. ನಾವಿರುವುದು ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ, ವಿಮಲಾ ಪಕ್ಕದೂರು ರಾಕ್‌ವಿಲ್‌ನಲ್ಲಿ. ಅವಳ ಮಗಳಿಗೂ ನನ್ನ ಮಗಳು ನಂದಿನಿಗೂ ಒಂದೇ ಕಾಲೇಜು, ಒಂದೇ ಡಿಗ್ರಿ, ಒಂದೇ ಹುಚ್ಚು: ಲಂಡನ್ನಿನ ಬ್ಯಾಂಕುಗಳು ಹೊಸ ಪದವೀಧರರಿಗೆ ಕೊಡುವ ಟ್ರೇನಿಂಗ್ ಕೆಲಸ. ಇಬ್ಬರೂ ನಮ್ಮ ಡೈನಿಂಗ್ ಟೇಬಲ್ಲಿನಲ್ಲೇ ಕೂತು ಮೂರು ಬ್ಯಾಂಕುಗಳಿಗೆ ಅರ್ಜಿ ತುಂಬಿದರು. ಮನೆಯಲ್ಲಿ ಫ್ಯಾಕ್ಸ್ ಇದ್ದದ್ದು ನಮಗೆ ಮಾತ್ರ. (ಈ ಅಂಕಣ ಬೆಂಗಳೂರಿನ ಪತ್ರಿಕೆಗೆ ಹೋಗುವುದೂ ಅದರಲ್ಲೇ.) ಹಾಗಾಗಿ ಇಬ್ಬರೂ ನಮ್ಮ ನಂಬರೇ ಕೊಟ್ಟರು.

ಅರ್ಜಿಯಲ್ಲೊಂದು ಪ್ರಶ್ನೆ: ಪರ್ಮಿಟ್ ಇಲ್ಲದೆ ಬ್ರಿಟನ್ನಿನಲ್ಲಿ ಕೆಲಸ ಮಾಡುವ ಹಕ್ಕು ನಿಮಗಿದೆಯೇ?

ಚೈತ್ರಾ 'ಹೌದು' ಎಂದು ಟಿಕ್ ಹಾಕಿದಳು. ಅವಳಪ್ಪ ಲೀಡ್ಸ್‌ನಲ್ಲಿ ಡಾಕ್ಟರಾಗಿದ್ದಾಗ ಅಲ್ಲೇ ಹುಟ್ಟಿದ ಮಗು ಅದು. ಬ್ರಿಟಿಷ್ ಪಾಸ್‌ಪೋರ್ಟ್ ಹುಟ್ಟಿನಿಂದ ಬಂತು, ಅಮೆರಿಕದ್ದು ಆಮೇಲೆ ಸೇರಿತು. ನಂದಿನಿ ಹುಟ್ಟಿದ್ದು ಮೈಸೂರಿನಲ್ಲಿ. ಅಮೆರಿಕದ್ದು ಬಂದಾಗ ಭಾರತದ್ದು ಹೋಯಿತು. ಅವಳು 'ಇಲ್ಲ' ಎಂದು ಟಿಕ್ ಹಾಕಿದಳು.

ಮೂರು ಬ್ಯಾಂಕುಗಳೂ ನಂದಿನಿಗೆ ಬೇಡ ಅಂದವು. ಎರಡೆರಡು ಸಾಲು, ಬಹಳ ಸಭ್ಯ ಇಂಗ್ಲಿಷ್. ಅವಳ ಮಾರ್ಕ್ಸ್ ಚೈತ್ರಾಳಿಗಿಂತ ಜಾಸ್ತಿ. (ನೋಡಿ, ಈಗಲೂ ಅದನ್ನು ಹೇಳದೆ ಇರಲಾಗಲಿಲ್ಲ ನನಗೆ.)

ಆ ಗುರುವಾರ ಬಂದ ಹಾಳೆಯಲ್ಲಿ ಇದ್ದದ್ದು ಇಷ್ಟು: ಮುಂದಿನ ವಾರ ನ್ಯೂಯಾರ್ಕಿನಲ್ಲಿ ಚೈತ್ರಾಳಿಗೆ ಇಂಟರ್‌ವ್ಯೂ, ಬರುವುದಾದರೆ ಶುಕ್ರವಾರ ಮಧ್ಯಾಹ್ನದೊಳಗೆ ತಿಳಿಸಬೇಕು. ಓದಿದೆ. ಮಡಚಿದೆ. ನಾನು ಕೆಲಸ ಮಾಡುವ ಲ್ಯಾಬಿನಿಂದ ಬಂದು ಫೋನ್ ಮಾಡಿದರಾಯಿತು ಅಂದುಕೊಂಡೆ. ಮಾಡಲಿಲ್ಲ.

ಯಾಕೆ? ಮರೆತೆ ಎಂದರೆ ಅದು ಎರಡನೇ ಸುಳ್ಳಾಗುತ್ತದೆ.

ಶನಿವಾರ ಕಾರಿನ ಕೀ ಹುಡುಕುತ್ತ ನಂದಿನಿ ನನ್ನ ಬ್ಯಾಗಿಗೆ ಕೈಹಾಕಿದಳು. ಹಾಳೆ ಸಿಕ್ಕಿತು. ತಾರೀಖು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಅಮ್ಮಾ, ಚೈತ್ರಾ ನಿನ್ನೆ ಕಾಲ್ ಮಾಡಿದ್ಲಲ್ವಾ?"

ನಾನು ಬ್ಯಾಗಿನಿಂದ ಕೀ ತೆಗೆದು ಅವಳತ್ತ ಚಾಚಿದೆ.

"ನನಗೋಸ್ಕರ ಅಂತ ಮಾತ್ರ ಹೇಳ್ಬೇಡ. ಪ್ಲೀಸ್. ಡೋಂಟ್ ಸೇ ದಟ್."

ಅದನ್ನೇ ಹೇಳಲಿದ್ದೆ ನಾನು. ಅವಳು ಹಾಳೆ ತೆಗೆದುಕೊಂಡು ರಾಕ್‌ವಿಲ್‌ಗೆ ಡ್ರೈವ್ ಮಾಡಿದಳು.

ಸೋಮವಾರ ಚೈತ್ರಾ ಲಂಡನ್ನಿಗೆ ಫೋನ್ ಮಾಡಿದಾಗ ಇಂಟರ್‌ವ್ಯೂ ಪಟ್ಟಿ ಭರ್ತಿಯಾಗಿತ್ತು. ಉಳಿದ ಬ್ಯಾಂಕುಗಳು ಕರೆಯಲೇ ಇಲ್ಲ. ಕೊನೆಗೆ ಅವಳಿಗೆ ಅಟ್ಲಾಂಟಾದ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿತು. "ಹೋಗ್ಲಿ ಬಿಡೆ, ಅಟ್ಲಾಂಟಾ ಆದ್ರೆ ಕಾರಲ್ಲೇ ಹೋಗ್ಬರಬಹುದು. ನೀನ್ಯಾಕೆ ಇಷ್ಟು ಬೇಜಾರು ಮಾಡ್ಕೋತೀಯಾ?" ಎಂದು, ಫ್ಯಾಕ್ಸೇ ತಡವಾಗಿ ಬಂತೆಂದು ನಂಬಿದ್ದ ವಿಮಲಾ ಸಮಾಧಾನ ಹೇಳಿದಳು. ನನಗೆ!

ಕಳೆದ ಭಾನುವಾರ ಚೈತ್ರಾಳ ಸಾಮಾನು ಪ್ಯಾಕ್ ಮಾಡಲು ಹೋಗಿದ್ದೆ. ಟೇಪ್ ಸಾಲದೆ ವಿಮಲಾ ಅಂಗಡಿಗೆ ಹೋದಳು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಅನಿಸಿತು.

"ಚೈತ್ರಾ, ನೀನು ಫೋನ್ ಮಾಡಿದ್ದಾಗ ಆ ಫ್ಯಾಕ್ಸ್ ನನ್ ಹತ್ರಾನೇ ಇತ್ತು. ಸುಳ್ಳು ಹೇಳ್ದೆ."

ಅವಳು ಲೋಟಗಳಿಗೆ ಪೇಪರ್ ಸುತ್ತುವುದನ್ನು ನಿಲ್ಲಿಸಲಿಲ್ಲ. "ಐ ನೋ, ಆಂಟಿ. ನಂದಿನಿ ಅವತ್ತೇ ಹೇಳಿದ್ಲು."

"ಅಮ್ಮಂಗೆ?"

"ಹೇಳಿಲ್ಲ. ನೀವೂ ಹೇಳ್ಬೇಡಿ. ಅಪ್ಪ ಹೋದ್ಮೇಲೆ ಅಮ್ಮಂಗೆ ಇಲ್ಲಿ ನೀವೊಬ್ರೇ ಫ್ರೆಂಡ್." ಇನ್ನೊಂದು ಲೋಟ ಸುತ್ತಿಟ್ಟಳು. "ಬಟ್ ಇಟ್ಸ್ ನಾಟ್ ಓಕೆ, ಆಂಟಿ."

ಎರಡು ತಿಂಗಳು! ಎಲ್ಲ ಗೊತ್ತಿದ್ದೂ ಆ ಹುಡುಗಿ ನಮ್ಮ ಮನೆಗೆ ಬಂದಿದ್ದಾಳೆ, ಊಟ ಮಾಡಿದ್ದಾಳೆ, ಸಾರು ಚೆನ್ನಾಗಿದೆ ಅಂದಿದ್ದಾಳೆ. ಅವಳಿಗೆ ಇಪ್ಪತ್ತೆರಡು. ನನಗೆ ಐವತ್ತು. ನಮ್ಮಿಬ್ಬರಲ್ಲಿ ದೊಡ್ಡವರು ಯಾರು?

ವಿಮಲಾ ಟೇಪ್ ಹಿಡಿದು ಬಂದಳು. ಮೂವರೂ ಕೂತು ಕಾಫಿ ಕುಡಿದೆವು. ಚೈತ್ರಾ ಅಟ್ಲಾಂಟಾದ ಬಿಸಿಲಿನ ಬಗ್ಗೆ ಮಾತಾಡಿದಳು. ನಾನು ತಲೆಯಾಡಿಸಿದೆ.

ಈ ಪತ್ರಿಕೆ ವಿಮಲಾಳ ಮನೆಗೆ ಬರುವುದಿಲ್ಲ. ಆದರೂ ಇಲ್ಲಿ ಎಲ್ಲರ ಹೆಸರನ್ನೂ ಬದಲಾಯಿಸಿ ಬರೆದಿದ್ದೇನೆ. ಯಾರನ್ನು ಕಾಪಾಡಲು?