ಮಹಾನವಮಿಯ ಸೀರಿಯಲ್ ದೀಪ, ಹುಸೇನಪ್ಪನ ಜೀಪು

1998ರಲ್ಲಿ ನಾನು ಸಿಂಧನೂರಿನ ಮಸ್ಕಿ ರಸ್ತೆಯಲ್ಲಿ ಆಟೋ ಎಲೆಕ್ಟ್ರಿಷಿಯನ್. ಅಂಗಡಿಯ ಶಟರ್ ಎಳೆದು ಬೀಗ ಹಾಕಿದ ಮೇಲೆ, ಮನೆ ಮುಟ್ಟುವುದರೊಳಗೆ ಎರಡು ಸಲ ಹಿಂದಿರುಗಿ ಬಂದು ಆ ಬೀಗ ಜಗ್ಗಿ ನೋಡುವವರ ಪೈಕಿ. ಇಷ್ಟು ಚಿಂತೆ ಮಾಡುವವನ ಕೈಯಲ್ಲಿ ತಪ್ಪಾಗುವುದಿಲ್ಲ ಎಂದು ಗಿರಾಕಿಗಳು ನಂಬಿದ್ದರು. ನಾನೂ ನಂಬಿದ್ದೆ.

ಆ ವರ್ಷ ಲಿಂಗಸುಗೂರಿನ ಒಂದು ಯೋಜನಾ ಕಚೇರಿಗೆ ಹೊರದೇಶದ ಡೀಸೆಲ್ ಜೀಪು ಬಂದಿತ್ತು. ನಮ್ಮ ಕಡೆ ಅಂಥದ್ದು ಅದೊಂದೇ. ಅದರಲ್ಲಿ ಇಜಿಆರ್ ವಾಲ್ವ್ ಎಂಬುದೊಂದಿತ್ತು. ಎಂಜಿನ್ ಉಗುಳಿದ ಹೊಗೆಯಲ್ಲಿ ಒಂದಿಷ್ಟನ್ನು ತಿರುಗಿ ಎಂಜಿನ್ನಿಗೇ ಉಣಿಸುವ ಬಾಗಿಲು ಅದು. ಹೊರಗೆ ಹೋಗುವ ವಿಷ ಕಡಿಮೆಯಾಗಲಿ ಎಂದು ಮಾಡಿದ್ದು. ಬಾಗಿಲು ತೆರೆಸುವುದಕ್ಕೆ ಸೊಲೆನಾಯ್ಡ್ ಎಂಬ ಸಣ್ಣ ಕಾಯಿಲ್, ಅದಕ್ಕೆ ಎರಡು ತಂತಿ. ಕೀ ತಿರುಗಿಸಿದೊಡನೆ ಒಂದಕ್ಕೆ 12 ವೋಲ್ಟ್ ಬರುತ್ತದೆ. ಇನ್ನೊಂದನ್ನು ಗಾಡಿಯ ಕಂಪ್ಯೂಟರ್ ಅರ್ತ್ ಮಾಡಿದಾಗ, ಅಂದರೆ ಗಾಡಿಯ ಕಬ್ಬಿಣದ ಮೈಗೆ ಕೂಡಿಸಿದಾಗ, ಬಾಗಿಲು ತೆರೆಯುತ್ತದೆ. ಏರು ಹತ್ತುವಾಗ ಎಂಜಿನ್ನಿಗೆ ಒಳ್ಳೆಯ ಗಾಳಿ ಬೇಕು. ಆಗ ಕಂಪ್ಯೂಟರ್ ಅರ್ತ್ ಬಿಡುತ್ತದೆ, ಬಾಗಿಲು ಮುಚ್ಚುತ್ತದೆ. ಇದನ್ನೆಲ್ಲ ನಾನು ಕಲಿತದ್ದು ಆಮೇಲೆ. ಕಲಿಯುವುದಕ್ಕೆ ಕೊಟ್ಟ ಫೀಜು ನನ್ನದಾಗಿರಲಿಲ್ಲ.

ಜೀಪಿನ ಡ್ರೈವರ್ ಹುಸೇನಪ್ಪ, ಮಸ್ಕಿಯವ. ಹನ್ನೊಂದು ವರ್ಷದಿಂದ ಹಂಗಾಮಿ. ದೀಪಾವಳಿ ಕಳೆದ ಮೇಲೆ ಕಾಯಂ ಆಗುವವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಮಹಾನವಮಿಗೆ ಎರಡು ದಿನ ಮೊದಲು ಗಾಡಿ ತಂದ. ಆಯುಧಪೂಜೆಗೆ ಮುಂದಿನ ಜಾಲರಿಯ ಸುತ್ತ ಸೀರಿಯಲ್ ದೀಪ ಮಿಣುಕಬೇಕೆಂದು ಕಚೇರಿಯ ಸಾಹೇಬರ ಅಪ್ಪಣೆಯಾಗಿತ್ತು. ಟ್ರ್ಯಾಕ್ಟರಿಗೂ ಲಾರಿಗೂ ಹಾಕಿದಂತೆ ಇದಕ್ಕೂ ಹಾಕಲು ಹೊರಟೆ. ಕೀ ತಿರುಗಿಸಿಟ್ಟು, ಬಾನೆಟ್ ಎತ್ತಿ, ಕೈಗೆ ಸಿಕ್ಕ ತಂತಿಯನ್ನು ಸುಲಿದು ಟೆಸ್ಟ್ ಲ್ಯಾಂಪ್ ಮುಟ್ಟಿಸಿದೆ. ಮಂಕಾಗಿ ಹೊತ್ತಿತು. ಇದು ಬೇಡವೆಂದು ಸುಲಿದ ಜಾಗಕ್ಕೆ ಕೆಂಪು ಟೇಪು ಸುತ್ತಿ, ಹಾರ್ನಿನ ತಂತಿಯಿಂದ ಕರೆಂಟ್ ಎಳೆದೆ. ದೀಪಗಳು ಜಗಮಗಿಸಿದವು. ಮೊದಲ ತಂತಿಯಲ್ಲಿ ಲ್ಯಾಂಪ್ ಏಕೆ ಮಂಕಾಯಿತೆಂದು ಯೋಚಿಸಲಿಲ್ಲ. ಅವತ್ತೂ ಬೀಗವನ್ನು ಮಾತ್ರ ಎರಡು ಸಲ ನೋಡಿದೆ.

ಹಬ್ಬ ಮುಗಿದ ವಾರಕ್ಕೆ ಹುಸೇನಪ್ಪ ಮತ್ತೆ ಬಂದ.

“ಮಿಸ್ತ್ರಿ, ಗಾಡಿ ಏರಿನಾಗ ಜಗ್ಗವಲ್ದು. ಕರ್ರಗ ಹೊಗಿ ಬಿಡಾಕತ್ತದ. ಸಾಹೇಬ್ರು ದಿನಾ ನನ್ನ ಮ್ಯಾಲ ಹಾರ್ಯಾಡ್ತಾರ.”

ನಿಲ್ಲಿಸಿ ನೋಡಿದರೆ ಎಲ್ಲ ಸರಿ ಇತ್ತು. ಮರುವಾರವೂ ಅದೇ ದೂರು, ಅದೇ ‘ಎಲ್ಲ ಸರಿ’. ಮೂರನೆಯ ಸಲ ಸಾಹೇಬರೇ ಬಂದರು. ಎದುರಿನ ಚಹಾದಂಗಡಿಯಲ್ಲಿ ಹತ್ತಾರು ಜನ ಕೂತಿದ್ದರು.

“ಲೇ ಹುಸೇನಾ, ಬಾ ಇಲ್ಲಿ.”

ಸಾಹೇಬರು ಸೈಲೆನ್ಸರಿನ ಬಾಯಿಗೆ ಎರಡು ಬೆರಳು ತೂರಿಸಿ, ಮಸಿ ತೆಗೆದು, ಅವನ ಬಿಳಿ ಯೂನಿಫಾರ್ಮಿನ ಎದೆಯ ಮೇಲೆ ನಿಧಾನಕ್ಕೆ ಒರೆಸಿದರು.

“ಡೀಸೆಲ್ ಮಾರ್ಕೊಂಡು ಸೀಮೆಎಣ್ಣಿ ಹಾಕಿದ್ದಕ್ಕ ಮೆಡಲ್ ಇದು. ಹನ್ನೊಂದು ವರ್ಷದ ಸೇವಾಕ್ಕ.”

ಚಹಾದಂಗಡಿ ನಕ್ಕಿತು. ನಾನೂ ನಕ್ಕೆ. ನಗದಿದ್ದರೆ ಸಾಹೇಬರು ಏನು ತಿಳಿದಾರೋ ಎಂಬ ಚಿಂತೆ.

“ನಾ ಮುಟ್ಟಿಲ್ರಿ ಸಾಹೇಬ್ರ. ಬೇಕಾದ್ರ ಮಿಸ್ತ್ರಿನ್ನ ಕೇಳ್ರಿ,” ಎಂದ ಹುಸೇನಪ್ಪ.

ಸಾಹೇಬರು ನನ್ನತ್ತ ತಿರುಗಿದರು. “ಕಲಬೆರಕಿ ಹೌದಲ್ಲೋ?”

ಸೀಮೆಎಣ್ಣೆ ಬೆರೆತರೆ ಹೊಗೆ ಇಷ್ಟು ಕಪ್ಪಾಗಿ ಬರದೆಂದು ನನಗೆ ಗೊತ್ತಿತ್ತು. ಆದರೆ ಬೇರೆ ಕಾರಣ ಹೇಳಲು ಬರುತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಎಂಥಾ ಮಿಸ್ತ್ರಿ ಎಂದಾರು.

“ಇರಬಹುದ್ರಿ,” ಎಂದೆ.

ಅದನ್ನೇ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಂಡರು. ಒಂದೇ ಸಾಲು. ದೀಪಾವಳಿ ನಂತರದ ಪಟ್ಟಿಯಲ್ಲಿ ಹುಸೇನಪ್ಪನ ಹೆಸರಿರಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದೂ ಹೇಳಿ ಕಳಿಸಿದ್ದರು.

ಹೊಸ ಡ್ರೈವರ್ ಬಂದು ತಿಂಗಳಾಗಲಿಲ್ಲ, ಜೀಪು ಮತ್ತೆ ನನ್ನ ಬಾಗಿಲಲ್ಲಿ ನಿಂತಿತ್ತು. ಅದೇ ಹೊಗೆ, ಏರಿನಲ್ಲಿ ಅದೇ ಸುಸ್ತು. ಈ ಸಲ ಕಲಬೆರಕೆಯ ಮಾತನ್ನು ಯಾರೂ ಎತ್ತಲಿಲ್ಲ.

ಕಚೇರಿಯಿಂದ ಗಾಡಿಯ ಇಂಗ್ಲಿಷ್ ಪುಸ್ತಕ ತರಿಸಿಕೊಂಡೆ. ಡಿಕ್ಷನರಿ ಇಟ್ಟುಕೊಂಡು ಎರಡು ದಿನ ಓದಿದೆ. ಆಮೇಲೆ ಸೊಲೆನಾಯ್ಡಿನ ಎರಡನೇ ತಂತಿಗೆ ಮೀಟರ್ ಜೋಡಿಸಿ, ಅದರ ವೈರನ್ನು ಕಿಟಕಿಯಿಂದ ಒಳಗೆ ಎಳೆದು, ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮಸ್ಕಿ ದಾಟಿ ಒಂದು ಏರಿನಲ್ಲಿ ಡ್ರೈವರ್ ಎಕ್ಸಲರೇಟರ್ ಪೂರ್ತಿ ಒತ್ತಿದ. ಕಂಪ್ಯೂಟರ್ ಅರ್ತ್ ಬಿಡಬೇಕು, ಮುಳ್ಳು 12ರಲ್ಲಿ ನಿಲ್ಲಬೇಕು. ನಿಂತಿತು. ರಸ್ತೆಯ ತೆಗ್ಗಿಗೆ ಗಾಡಿ ಕುಲುಕಿದ್ದೇ ಮುಳ್ಳು ಸೊನ್ನೆಗೆ ಬಿತ್ತು. ಹಿಂದೆ ಕಪ್ಪು ಹೊಗೆ ಎದ್ದಿತು.

ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದೆ. ಆ ತಂತಿಯ ಗುಂಟ ಬೆರಳಾಡಿಸುತ್ತ ಹೋದರೆ ಒಂದು ಕಡೆ ಕೆಂಪು ಟೇಪು ಎಂಜಿನ್ ಕಾವಿಗೆ ಅಂಟು ಬಿಟ್ಟು ಜೋತಾಡುತ್ತಿತ್ತು. ಕೆಳಗೆ ಬರಿಯ ತಾಮ್ರ. ಗಾಡಿ ಕುಲುಕಿದಾಗಲೆಲ್ಲ ಅದು ಗಾಡಿಯ ಕಬ್ಬಿಣದ ಮೈಗೆ ತಾಗಿ ಅರ್ತ್ ಆಗಿ, ಕಂಪ್ಯೂಟರ್ ಹೇಳದಿದ್ದರೂ ಹೊಗೆಯ ಬಾಗಿಲು ತೆರೆಸುತ್ತಿತ್ತು. ಅಂಗಡಿಯ ಮುಂದೆ ನಿಂತ ಗಾಡಿ ಕುಲುಕುವುದಿಲ್ಲ. ಟೇಪಿನ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಟೆಸ್ಟ್ ಲ್ಯಾಂಪ್ ಮಂಕಾದದ್ದು ಏಕೆಂದು ಆಗ ತಿಳಿಯಿತು: ಕಾಯಿಲ್ ದಾಟಿ ಸೊರಗಿ ಬಂದ ಕರೆಂಟು ಅದು.

ಹೊಸ ಟೇಪು ಬಿಗಿದು ಗಾಡಿ ಕಳಿಸಿದೆ. ಮೂರನೆಯ ದಿನ ಎಲ್ಲವನ್ನೂ ಎರಡು ಪುಟ ಬರೆದು ಲಿಂಗಸುಗೂರಿಗೆ ಹೋದೆ. ಸಾಹೇಬರು ಓದಿ, ಫೈಲಿನಿಂದ ನನ್ನ ಹಳೇ ಕಾಗದ ತೆಗೆದು ಪಕ್ಕಕ್ಕಿಟ್ಟರು.

“ಎರಡೂ ನಿಂದ ಸಹಿ. ಯಾವುದು ನಂಬ್ಲಿ? ಆ ಜಾಗಾನೂ ತುಂಬ್ಯದ. ಹೋಗು.”

ಒಂದು ಸಾಲಿನ ಸುಳ್ಳಿಗೆ ಯಾರೂ ಸಾಕ್ಷಿ ಕೇಳಿರಲಿಲ್ಲ. ಎರಡು ಪುಟದ ನಿಜ ಮಡಚಿಕೊಂಡು ನನ್ನ ಜೇಬಿಗೇ ವಾಪಸ್ ಬಂತು.

ಅಲ್ಲಿಂದ ಮಸ್ಕಿಗೆ ಹೋದೆ. ಹುಸೇನಪ್ಪ ಯಾರದೋ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಎಂಜಿನ್ ಬಂದ್ ಮಾಡದೆಯೇ ನನ್ನ ಮಾತನ್ನೆಲ್ಲ ಕೇಳಿದ.

“ತಂತಿ ಸುಲ್ದಿದ್ದಿ, ಮರ್ತಿ. ಆಗ್ತದ. ನಕ್ಕಿದ್ದು ಮರ್ತು ನಕ್ಕಿಯೇನು?”

ಗೇರ್ ಹಾಕಿ ಹೊರಟ.

ಹೊಸ ಗಾಡಿಯ ದೋಷ ಹುಡುಕುವಾಗ ಎಂಜಿನ್ನಿಗಿಂತ ಮೊದಲು ನನ್ನ ಟೇಪನ್ನು ಹುಡುಕಬೇಕು, ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎನ್ನಬೇಕು. ಈ ಕಸುಬು ನನಗೆ ಕಲಿಸಿದ್ದು ಇಷ್ಟೇ. ಇದನ್ನು ಮರೆಯಲು ಹುಸೇನಪ್ಪನೂ ಬಿಟ್ಟಿಲ್ಲ. ಪ್ರತಿ ಮಹಾನವಮಿಗೆ ಸೀರಿಯಲ್ ಹಾಕಿಸಲು ನನ್ನ ಅಂಗಡಿಗೇ ಟ್ರ್ಯಾಕ್ಟರ್ ತರುತ್ತಾನೆ. ಕೆಲಸ ಮುಗಿದ ಮೇಲೆ ಚಹಾದಂಗಡಿಗೆ ಕೇಳುವ ಹಾಗೆ ಕೂಗುತ್ತಾನೆ:

“ಮಿಸ್ತ್ರಿ, ಎಲ್ಲೆಲ್ಲಿ ಸುಲ್ದಿ, ತೋರ್ಸು ಬಾ.”

ನಾನು ಒಂದೊಂದೇ ಜಾಯಿಂಟನ್ನು ಬೆರಳಿಟ್ಟು ತೋರಿಸುತ್ತೇನೆ. ಚಹಾದಂಗಡಿ ನಗುತ್ತದೆ. ಅವನು ನಗುವುದಿಲ್ಲ.